ಸೀನಂಗೆ ಒಂದು ಪತ್ರ: ಅಪ್ಪ, ದೊಡ್ಡಪ್ಪ, ಮಗ, ಮೂರೂ ಜನ ನೇಣು ಹಾಕೋರೇ

ಲೋ ಸೀನ,

ಹೆಂಗಿದೀಯೋ? ಹೋದ್ಸಲ ಫೋನಲ್ಲಿ ಕೇಳಿದ್ಯಲ್ಲ, ನಮ್ಮ ಕ್ರಾಂತಿಕಾರಿ ಮದನ್‌ಲಾಲ್ ಧಿಂಗ್ರಾನ್ನ ಲಂಡನ್ನಲ್ಲಿ ನೇಣಿಗೆ ಹಾಕಿದೋನು ಯಾರು ಅಂತ, ಆವಾಗ ನಂಗೆ ಗೊತ್ತಿರ್ಲಿಲ್ಲ. ಹುಡುಕ್ತಾ ಹೋದೆ, ಎರಡು ವಾರದಿಂದ ಅದೇ ತಲೇಲಿ ಕೂತ್ಬಿಟ್ಟಿದೆ. ಫೋನಲ್ಲಿ ಹೇಳಿ ಮುಗಿಯೋ ವಿಷ್ಯ ಅಲ್ಲ, ಅದಕ್ಕೇ ಬರೀತಿದೀನಿ.

ಅವನ ಹೆಸರು ಹೆನ್ರಿ ಪಿಯರ್‌ಪಾಯಿಂಟ್. 1909ರ ಆಗಸ್ಟ್ 17, ಪೆಂಟನ್‌ವಿಲ್ ಜೈಲು. ಅದಾಗಿ 31 ವರ್ಷಕ್ಕೆ, 1940ರ ಜುಲೈ 31ಕ್ಕೆ, ಅದೇ ಜೈಲಲ್ಲಿ ಇನ್ನೊಬ್ಬ ಕ್ರಾಂತಿಕಾರಿ ಉಧಮ್ ಸಿಂಗ್‌ನ ಗಲ್ಲಿಗೇರಿಸಿದ್ರಲ್ಲ, ಅವತ್ತು ಸ್ಟ್ಯಾನ್ಲಿ ಕ್ರಾಸ್ ಅನ್ನೋ ಹ್ಯಾಂಗ್‌ಮನ್‌ಗೆ ಅಸಿಸ್ಟೆಂಟ್ ಆಗಿದ್ದೋನು ಇದೇ ಹೆನ್ರಿ ಮಗ ಆಲ್ಬರ್ಟ್! ಓದ್ತಿದ್ದಂಗೆ ಮೈ ಜುಮ್ಮಂತು ಕಣೋ. ಇಬ್ರನ್ನೂ ಆ ಜೈಲಿನ ಕಾಂಪೌಂಡ್ ಒಳಗೇ ಹೂತಿದ್ರು, 1974ರಲ್ಲಿ ಉಧಮ್ ಸಿಂಗ್‌ನ ಮನೆಗೆ ತಂದ್ವಿ, 1976ರಲ್ಲಿ ಧಿಂಗ್ರಾನ್ನ.

ಯಾರ್ಕ್‌ಷೈರ್ ಕಡೆಯ ಮನೆತನ ಇದು. ಹೆನ್ರಿ 1901ರಲ್ಲಿ ಈ ಕೆಲಸಕ್ಕೆ ಸೇರಿ ಅಣ್ಣ ಥಾಮಸ್‌ನ್ನೂ ಎಳ್ಕೊಂಡ, ಆ ಅಣ್ಣ 1906ರಿಂದ 1946ರ ತನಕ ನಲವತ್ತು ವರ್ಷ ಮಾಡಿದ. ಹೆನ್ರಿ ಮಾತ್ರ 1910ರಲ್ಲಿ ಕುಡ್ಕೊಂಡೇ ಡ್ಯೂಟಿಗೆ ಹೋಗಿ ತನ್ನ ಅಸಿಸ್ಟೆಂಟ್ ಮೇಲೇ ಕೈ ಮಾಡಿ ಕೆಲಸ ಕಳ್ಕೊಂಡ. ಆಲ್ಬರ್ಟ್‌ಗೆ ಆಗ ಐದು ವರ್ಷ. ದೊಡ್ಡಪ್ಪನ ಮನೆಗೆ ಹೋದಾಗೆಲ್ಲ, ದೊಡ್ಡಪ್ಪ ಊರಲ್ಲಿಲ್ಲ ಅಂದ್ರೆ ದೊಡ್ಡಮ್ಮ ಅವನ ಡೈರಿ ತೆಗ್ದು ಓದೋಕೆ ಕೊಡ್ತಿದ್ಳಂತೆ, ಯಾರನ್ನ ಎಲ್ಲಿ ಯಾವತ್ತು ಗಲ್ಲಿಗೆ ಹಾಕಿದ್ದು ಅಂತ ಬರೆದಿಟ್ಟಿರೋ ಡೈರಿ. ದೊಡ್ಡವನಾದ್ಮೇಲೆ ಏನಾಗ್ತೀಯ ಅಂತ ಸ್ಕೂಲಲ್ಲಿ ಬರೆಸಿದ್ರೆ ಈ ಹುಡುಗ ಸರ್ಕಾರಿ ಹ್ಯಾಂಗ್‌ಮನ್ ಆಗ್ತೀನಿ ಅಂತ ಬರೆದ. ಅಪ್ಪ 1922ರಲ್ಲಿ ಸತ್ತಾಗ ಇವನ ಕೈಗೆ ಬಂದಿದ್ದು ಅಪ್ಪ ತನ್ನ ಕೆಲಸದ ಕತೆ ಬರೆದಿಟ್ಟಿದ್ದ ಎರಡು ನೀಲಿ ನೋಟ್‌ಬುಕ್ಕು. ನಮ್ಮಲ್ಲಿ ಕಮ್ಮಾರನ ಮಗ ತಿದಿ ಒತ್ತುತ್ತಾ ಕಲಿಯಲ್ವಾ, ಹಂಗೇ ಕಲ್ತಿದಾನೆ.

ಕೆಲಸ ಹೆಂಗೆ ನಡೀತಿತ್ತು ಅಂದ್ರೆ, ಹಿಂದಿನ ದಿನವೇ ಜೈಲಿಗೆ ಹೋಗಿ ಕೈದಿಗೆ ಗೊತ್ತಾಗ್ದಂಗೆ ಬಾಗಿಲ ಕಿಂಡಿಯಿಂದ ಅವನ ಮೈಕಟ್ಟು ನೋಡೋದು, ತೂಕ ಎತ್ತರ ಲೆಕ್ಕ ಹಾಕಿ ಹಗ್ಗ ಎಷ್ಟು ಬಿಡ್ಬೇಕು ಅಂತ ತೀರ್ಮಾನ ಮಾಡೋದು, ಮರಳು ಚೀಲ ನೇತಾಕಿ ರಾತ್ರಿಯೆಲ್ಲ ಹಗ್ಗ ಜಗ್ಗೋಕೆ ಬಿಡೋದು. ಬೆಳಗ್ಗೆ ಒಳಗೆ ಹೋಗಿ ಚರ್ಮದ ಪಟ್ಟೀಲಿ ಕೈ ಕಟ್ಟಿದ್ರೆ ಅಲ್ಲಿಂದ ಎಲ್ಲಾ ಸೆಕೆಂಡ್ ಲೆಕ್ಕ. ಎಷ್ಟೋ ಜೈಲಲ್ಲಿ ಕೈದಿ ರೂಮಲ್ಲಿದ್ದ ಬೀರು ಪಕ್ಕಕ್ಕೆ ಸರಿಸಿದ್ರೆ ಅದರ ಹಿಂದೆಯೇ ಬಾಗಿಲು, ಬಾಗಿಲಾಚೆ ನೇಣು. ದಿನಾ ಆ ಬೀರು ನೋಡ್ಕೊಂಡೇ ಅವನು ಊಟ ಮಾಡಿರ್ತಾನೆ, ಮಲ್ಗಿರ್ತಾನೆ. ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಹತ್ಲಿಲ್ಲ.

ಆಲ್ಬರ್ಟ್ ದಿನಾ ಮಾಡ್ತಿದ್ದಿದ್ದು ದಿನಸಿ ಡೆಲಿವರಿ ಕೆಲಸ. ಪಕ್ಕದಲ್ಲೇ ಮಿಠಾಯಿ ಅಂಗಡಿ ನಡೆಸ್ತಿದ್ದ ಆ್ಯನಿ ಅನ್ನೋಳನ್ನ 1943ರಲ್ಲಿ ಮದ್ವೆ ಆದ, ನೇಣು ಹಾಕೋ ಕೆಲಸದ ವಿಷ್ಯ ಮಾತ್ರ ಹೇಳ್ಲಿಲ್ಲ. ಮಾರನೇ ವರ್ಷ ಇಬ್ರನ್ನ ನೇಣಿಗೆ ಹಾಕೋಕೆ ಜಿಬ್ರಾಲ್ಟರ್‌ಗೆ ಹೋಗ್ಬಂದ್ಮೇಲೆ ಬಾಯ್ಬಿಟ್ಟ. ಅವಳಿಗೆ ಮೊದ್ಲಿಂದ್ಲೂ ಗೊತ್ತಿತ್ತಂತೆ, ಅವನೇ ಹೇಳ್ಲಿ ಅಂತ ಕಾಯ್ತಿದ್ಳಂತೆ.

ಆಮೇಲೆ ಮ್ಯಾಂಚೆಸ್ಟರ್ ಹತ್ರ ಒಂದು ಪಬ್ ತಗೊಂಡ. ಅಲ್ಲಿಗೆ ಒಬ್ಬ ಗಿರಾಕಿ ಬರ್ತಿದ್ದ, ಜೇಮ್ಸ್ ಕಾರ್ಬಿಟ್ ಅಂತ, ಇಬ್ರೂ ಸೇರಿ ಹಾಡ್ತಿದ್ರು, ಇವನು ಅವನನ್ನ ಟಿಶ್ ಅಂತಿದ್ದ, ಅವನು ಇವನನ್ನ ಟಾಶ್ ಅಂತಿದ್ದ. ಆ ಟಿಶ್ ತನ್ನ ಗೆಳತೀನ ಕೊಂದ. 1950ರ ನವೆಂಬರ್ 28, ಮ್ಯಾಂಚೆಸ್ಟರ್‌ನ ಸ್ಟ್ರೇಂಜ್‌ವೇಸ್ ಜೈಲು, ಬಾಗಿಲು ತೆಗೆದು ಒಳಗೆ ಬಂದ ಹ್ಯಾಂಗ್‌ಮನ್‌ನ ನೋಡಿ ಅವನು ಟಾಶ್ ಅಂತ ಕರೆದ, ಇವನೂ ಟಿಶ್ ಅಂತ್ಲೇ ಮಾತಾಡಿಸಿ ಕೈ ಕಟ್ಟಿ ಕರ್ಕೊಂಡು ಹೋದ. ನಾನು ದಿನಾ ಕೆಲಸಕ್ಕೆ ಹೋಗೋ ಬಸ್ಸಿಂದ ಆ ಜೈಲಿನ ಟವರ್ ಕಾಣುತ್ತೆ ಸೀನ, ಮೂರು ವರ್ಷದಿಂದ ಸುಮ್ನೆ ನೋಡ್ಕೊಂಡು ಓಡಾಡ್ತಿದ್ದೆ.

ಅದೇ 1950ರ ಮಾರ್ಚಲ್ಲಿ ಟಿಮೊಥಿ ಇವಾನ್ಸ್ ಅನ್ನೋನನ್ನ ಗಲ್ಲಿಗೇರಿಸಿದ್ದೂ ಆಲ್ಬರ್ಟೇ, ಹೆಂಡ್ತಿ ಮಗೂನ ಕೊಂದಿದಾನೆ ಅಂತ ಕೇಸು. ಮೂರು ವರ್ಷ ಆದ್ಮೇಲೆ ನೋಡಿದ್ರೆ ಅದೇ ಮನೇಲಿದ್ದ ಕ್ರಿಸ್ಟಿ ಅನ್ನೋನು ಸರಣಿ ಕೊಲೆಗಾರ ಅಂತ ಗೊತ್ತಾಯ್ತು, ಅವನನ್ನೂ ಇವನೇ ನೇಣಿಗೆ ಹಾಕಿದ. ಇವಾನ್ಸ್‌ಗೆ 1966ರಲ್ಲಿ ಕ್ಷಮೆ ಕೊಟ್ರು, ಮಣ್ಣಾದೋನಿಗೆ! ನಂಗೆ ತಡ್ಕೊಳ್ಳೋಕೆ ಆಗದೇ ಇರೋದು ಇದೊಂದೇ.

1956ರಲ್ಲಿ ಆಲ್ಬರ್ಟ್ ಕೆಲಸ ಬಿಟ್ಟ, ಅದೂ ಫೀಸಿನ ಜಗಳಕ್ಕೆ. ಹದಿನೆಂಟು ವರ್ಷ ಬಿಟ್ಟು ಆತ್ಮಕಥೆ ಬರೆದ, ಈ ಶಿಕ್ಷೆಯಿಂದ ಒಂದು ಕೊಲೇನೂ ತಪ್ಪಿಲ್ಲ, ಇದು ಬರೀ ಸೇಡು ಅಂತ. ನಿಜವಾಗಿ ನೊಂದೇ ಬರೆದಿದಾನೆ ಅಂತ ನನ್ನ ನಂಬಿಕೆ, ನೀನೇನಂತೀಯೋ ಬರಿ.

ಮುಂದಿನ ತಿಂಗಳು ಲಂಡನ್‌ಗೆ ಹೋಗೋದಿದೆ. ಪೆಂಟನ್‌ವಿಲ್ ಈಗ್ಲೂ ಜೈಲೇ, ಒಳಗೆ ಬಿಡಲ್ಲ, ಕ್ಯಾಲಿಡೋನಿಯನ್ ರೋಡಲ್ಲಿ ನಿಂತು ಗೋಡೆ ನೋಡ್ಕೊಂಡು ಬರ್ತೀನಿ. ಫೋಟೋ ಕಳಿಸ್ತೀನಿ. ಅಮ್ಮಂಗೆ ನಮಸ್ಕಾರ ಹೇಳು.

ನಿನ್ನ,
ರವಿ