ಒಂದೇ ಒಂದು ಕಾಯಿಗಾಗಿ

ಜುಲೈ 20

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು. ಅಮ್ಮನಿಗೂ ಓದಿ ಹೇಳಿ.

ನಾನು ಚೆನ್ನಾಗಿದ್ದೇನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಕುಂಬಳದ ಪಾತಿ ತೋರಿಸುವಾಗ ನೀವು ಬೈದಿರಲ್ಲ, "ಬಂದ ಹೀಚನ್ನೆಲ್ಲ ಕಿತ್ತು ಬಿಸಾಡ್ತೀಯಲ್ಲೋ, ಬುದ್ಧಿ ನೆಟ್ಟಗಿದೆಯಾ?" ಅಂತ. ಉತ್ತರ ಕೊಡುವಷ್ಟರಲ್ಲಿ ಕಾಲ್ ಕಟ್ಟಾಯಿತು. ಫೋನಿನಲ್ಲಿ ಹೇಳಹೊರಟರೆ ಹೇಗೂ ಅರ್ಧದಲ್ಲಿ ಜಗಳವಾಗುತ್ತದೆ. ಅದಕ್ಕೇ ಈ ಪತ್ರ.

ಇದು ನಾವು ಕಂಡ ಸಿಹಿಗುಂಬಳದ ಜಾತಿಯಲ್ಲ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೊವಾರ್ಡ್ ಡಿಲ್ ಅನ್ನುವ ರೈತ ವರ್ಷಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ತಳಿ, ಅಟ್ಲಾಂಟಿಕ್ ಜೈಂಟ್. 1980ರಲ್ಲಿ ಅವರ ಕಾಯಿ 208 ಕಿಲೋ ತೂಗಿ ವಿಶ್ವದಾಖಲೆ ಮಾಡಿತ್ತು. 2025ರಲ್ಲಿ ಇಂಗ್ಲೆಂಡಿನ ಪೇಟನ್ ಅವಳಿ ಸೋದರರದ್ದು ಹತ್ತಿರ ಹತ್ತಿರ 1,279 ಕಿಲೋ. ಒಂದು ಕಾರಿನ ತೂಕ, ಅಪ್ಪ! ತಿನ್ನಲಿಕ್ಕೆ ಮಾತ್ರ ಏನೂ ರುಚಿಯಿಲ್ಲ, ಬರೀ ನೀರು ನೀರು. ಅಮ್ಮ ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಅಷ್ಟು ದೊಡ್ಡದಾಗಬೇಕೆಂದರೆ ಇಡೀ ಬಳ್ಳಿ ಒಂದೇ ಕಾಯಿಗೆ ದುಡಿಯಬೇಕು. ಲೆಕ್ಕ ಇಷ್ಟೇ. ತಾಯಿಬಳ್ಳಿಯನ್ನು ನೇರವಾಗಿ ಬಿಡುತ್ತೇನೆ. ಅದರ ಎರಡೂ ಕಡೆ ಅಡ್ಡಬಳ್ಳಿಗಳು ಹೊರಡುತ್ತವೆ, ಬೆನ್ನುಮೂಳೆಯಿಂದ ಪಕ್ಕೆಲುಬು ಹೊರಟ ಹಾಗೆ. ಅವು ಹತ್ತು ಹನ್ನೆರಡು ಅಡಿ ಆದಮೇಲೆ ತುದಿ ಚಿವುಟಿ ಮಣ್ಣಲ್ಲಿ ಹೂಳುತ್ತೇನೆ. ಅಡ್ಡಬಳ್ಳಿಯಿಂದ ಮತ್ತೆ ಮರಿಬಳ್ಳಿ ಹೊರಟರೆ ಅದು ಬೆರಳಷ್ಟು ಇದ್ದಾಗಲೇ ಮುರಿದು ಹಾಕಬೇಕು. ಎರಡು ದಿನ ಆ ಕಡೆ ತಲೆ ಹಾಕದಿದ್ದರೆ ಕಾಲಿಡಲಿಕ್ಕೂ ಜಾಗ ಇರುವುದಿಲ್ಲ. ನೀವು ನೋಡಿದ್ದು ಅಡ್ಡಬಳ್ಳಿಯಲ್ಲಿ ಬಿಟ್ಟ ಹೀಚುಗಳನ್ನು. ಅವು ಹೇಗೂ ಉಳಿಯುವವಲ್ಲ.

ಇನ್ನೊಂದು ಕೆಲಸ ನಿಮಗೆ ಇಷ್ಟವಾಗುತ್ತದೆ. ಇದರ ಒಂದೊಂದು ಗಿಣ್ಣಲ್ಲೂ ಎಲೆಯ ಕೆಳಗೆ ಬೇರಿನ ಮೊಳಕೆ ಇರುತ್ತದೆ. ಗಿಣ್ಣಿನ ಮೇಲೆ ಒಂದು ಬೊಗಸೆ ಮಣ್ಣು ಮುಚ್ಚಿದರೆ ಸಾಕು, ಅಲ್ಲೇ ಬೇರು ಇಳಿಯುತ್ತದೆ. ನೀವು ಮಲ್ಲಿಗೆ ಬಳ್ಳಿ ಬಗ್ಗಿಸಿ ಮಣ್ಣು ಮುಚ್ಚುತ್ತಿದ್ದಿರಲ್ಲ, ಹಾಗೇ. ಬಳ್ಳಿಗೆ ನೂರು ಬಾಯಿ ಬಂದಂತೆ. ಗಾಳಿಗೂ ಅಲ್ಲಾಡುವುದಿಲ್ಲ.

ಈಗ ಹೂವಿನ ವಿಷಯ. ಜೇನುಹುಳ ಇರುವಾಗ ನೀನ್ಯಾಕೆ ಹೂ ಕೂಡಿಸಬೇಕು ಅಂತ ಅಮ್ಮ ಕೇಳಿದಳಲ್ಲ. ಜೇನು ಎಲ್ಲೆಲ್ಲಿಂದಲೋ ಪರಾಗ ತರುತ್ತದೆ, ಆಗ ಬೀಜದ ಅಪ್ಪ ಯಾರೋ ಗೊತ್ತಾಗುವುದಿಲ್ಲ. ಈ ಬೆಳೆಗಾರರು ಬೀಜಕ್ಕೆ ಹೆಸರಿಡುವುದೇ ಕಾಯಿಯ ತೂಕ, ಬೆಳೆದವರ ಮನೆತನದ ಹೆಸರು, ವರ್ಷ ಸೇರಿಸಿ. ತಾಯಿ ಯಾವುದು, ತಂದೆ ಯಾವುದು ಅಂತ ಜಾತಕ ಬೇರೆ. ಜೊತೆಗೆ ಕೈಯಿಂದ ಮಾಡಿದರೆ ಪರಾಗ ಸರಿಯಾಗಿ ಬಿತ್ತು ಅನ್ನುವ ಧೈರ್ಯ.

ಜುಲೈ 7ರ ಸಂಜೆ ತಾಯಿಬಳ್ಳಿಯ ಹನ್ನೊಂದನೇ ಅಡಿಯಲ್ಲಿ ಒಂದು ಹೆಣ್ಣು ಮೊಗ್ಗು ತುದಿಯಲ್ಲಿ ಹಳದಿ ತಿರುಗಿತ್ತು. ಹಾಗಾದರೆ ಬೆಳಿಗ್ಗೆ ಅರಳುತ್ತದೆ ಅಂತ ಅರ್ಥ. ಜೇನು ಬಾರದಂತೆ ಅದಕ್ಕೆ ಬಲೆಬಟ್ಟೆ ಕಟ್ಟಿದೆ. ಹಾಗೇ ಅರಳಲಿರುವ ನಾಲ್ಕು ಗಂಡು ಮೊಗ್ಗು ಉದ್ದ ತೊಟ್ಟಿನ ಸಮೇತ ಕೊಯ್ದು, ಲೋಟದ ನೀರಲ್ಲಿಟ್ಟು ಅಡುಗೆಮನೆಯಲ್ಲಿ ಇರಿಸಿದೆ. ಬೆಳಿಗ್ಗೆ ಐದೂವರೆಗೆ ಎದ್ದೆ. ಹೌದು, ನಾನೇ! ಲೋಟದಲ್ಲಿ ನಾಲ್ಕೂ ಅರಳಿದ್ದವು. ದಳಗಳನ್ನೆಲ್ಲ ಹರಿದು ತೆಗೆದರೆ ಉಳಿಯುವುದು ಪರಾಗದ ಕಡ್ಡಿ ಮಾತ್ರ, ಬಣ್ಣದ ಬ್ರಷ್ ಥರ. ಹೆಣ್ಣು ಹೂವಿನ ನಡುವೆ ಐದು ಹೋಳಿನ ಗುಬುಟು ಇತ್ತು, ಮುಟ್ಟಿದರೆ ಅಂಟಂಟು. ಒಂದೊಂದು ಹೋಳಿಗೂ ಮೆಲ್ಲಗೆ ಸವರಿದೆ. ಒಂದು ಹೋಳು ತಪ್ಪಿದರೂ ಆ ಕಡೆ ಬೀಜ ಕಟ್ಟದೆ ಕಾಯಿ ಸೊಟ್ಟಗಾಗಬಹುದು. ಕೈಯೆಲ್ಲ ಹಳದಿ ಹುಡಿ. ಆಮೇಲೆ ಮತ್ತೆ ಬಲೆ ಕಟ್ಟಿದೆ. ಒಂಬತ್ತು ಗಂಟೆ ದಾಟಿದರೆ ಹೂ ಬಾಡತೊಡಗುತ್ತದೆ, ಮಾರನೆಯ ದಿನ ಅಂತ ಅದಕ್ಕೆ ಇಲ್ಲ.

ಅವತ್ತು ಬಿಸಿಲು ಜಾಸ್ತಿ. 32 ಡಿಗ್ರಿ ದಾಟಿದರೆ ಕೂಡಿಸಿದ ಹೀಚೂ ಹಳದಿಯಾಗಿ ಉದುರಬಹುದು. ಹಾಗಾಗಿ ನೆರಳು ಮಾಡಿ, ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗಳನ್ನು ಹೂವಿನ ಸುತ್ತ ಇಟ್ಟು ಕೂತೆ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ನೋಡಿ ಸುಮ್ನೆ ಒಳಗೆ ಹೋದರು.

ಹೋದ ವರ್ಷದ ಕಥೆ ನಿಮಗೆ ಹೇಳಿಯೇ ಇರಲಿಲ್ಲ. ಕಾಯಿ ಊದುತ್ತಾ ಊದುತ್ತಾ ಅದರ ಹೆಗಲು ತನ್ನದೇ ಬಳ್ಳಿಯನ್ನು ಒತ್ತತೊಡಗಿತು. ತೊಟ್ಟು ಬಳ್ಳಿಗೆ ಅಡ್ಡಡ್ಡ ನಿಂತಿರಬೇಕು, ನನ್ನದು ವಾಲಿತ್ತು. ಸರಿಮಾಡೋಣ ಅಂತ ಬೆಳಬೆಳಿಗ್ಗೆ ಬಳ್ಳಿ ಹಿಡಿದು ಎಳೆದೆ. "ಟಕ್" ಅಂದಿತು. ಅಷ್ಟೇ. ಬೆಳಿಗ್ಗೆ ಬಳ್ಳಿ ನೀರು ತುಂಬಿ ಗಡುಸಾಗಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಬಾಗಿದಾಗ ದಿನಕ್ಕೆ ಒಂದೆರಡು ಬೆರಳಷ್ಟೇ ಸರಿಸಬೇಕು. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಈ ಸಲ ಕಾಯಿಯ ಅಕ್ಕಪಕ್ಕದ ಗಿಣ್ಣುಗಳಿಗೆ ಮಣ್ಣು ಮುಚ್ಚಲೇ ಇಲ್ಲ. ಅಲ್ಲಿ ಬಳ್ಳಿ ಕಾಯಿಯ ಜೊತೆ ಎದ್ದುಕೊಳ್ಳಲಿ ಅಂತ. ಕಾಯಿಯ ಅಡಿಗೆ ಮರಳು ಹಾಸಿದ್ದೇನೆ.

ತಾಯಿಬಳ್ಳಿಯಲ್ಲಿ ಈಗ ಎರಡು ಕಾಯಿ ಉಳಿದಿವೆ. ಒಂದು ಹನ್ನೆರಡು ದಿನದ್ದು, ಆಗಲೇ ಫುಟ್‌ಬಾಲಿನಷ್ಟಿದೆ. ಇನ್ನೊಂದು ಮೂರು ದಿನ ಚಿಕ್ಕದು, ಆದರೆ ದಿನಾ ಟೇಪ್ ಹಿಡಿದು ನೋಡಿದರೆ ಅದರ ಬೆಳವಣಿಗೆಯೇ ಚುರುಕು. ಇಷ್ಟು ಬೇಗ ನಂಬುವ ಹಾಗೂ ಇಲ್ಲ. ಮುಂದೆ ಜೋರು ಬಂದಾಗ ಇಂಥ ಕಾಯಿ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋ ಏರುವುದುಂಟು. ಆಗ ಎರಡನ್ನೂ ಸಾಕಲು ಬಳ್ಳಿಯಿಂದ ಆಗುವುದಿಲ್ಲ.

ಬರುವ ಭಾನುವಾರ ಒಂದನ್ನು ಕೊಯ್ಯಬೇಕು. ಅವತ್ತು ನಿಮಗೆ ಫೋನ್ ಮಾಡುವುದಿಲ್ಲ, ಸೋಮವಾರ ಮಾಡುತ್ತೇನೆ.

ನಿಮ್ಮ ಮಗ