ಸಾನ್ ಹುವಾನ್‌ನಿಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ಇಲ್ಲಿ ಮಧ್ಯಾಹ್ನ 3 ಗಂಟೆ, ಅಲ್ಲಿ ರಾತ್ರಿ ಹನ್ನೆರಡೂವರೆ. ಬೆಳಗಾದರೆ ನೀನು ಬೆಂಗಳೂರಿನ ಹಾಸ್ಟೆಲ್‌ಗೆ ಹೊರಡುತ್ತೀಯ. ನಿನ್ನೆ ಫೋನಿನಲ್ಲಿ ನಾನು ಅಷ್ಟು ಜೋರು ಮಾಡಬಾರದಿತ್ತು. ದಿನಾ ರಾತ್ರಿ ಫೋನ್ ಮಾಡಲೇಬೇಕು ಅಂದೆ. "ಹಡಗಿನಿಂದ ನೀವು ದಿನಾ ಮಾಡಿದ್ದೀರಾ ಅಪ್ಪ?" ಅಂತ ಕೇಳಿ ನೀನು ಫೋನ್ ಇಟ್ಟುಬಿಟ್ಟೆ.

ಇವತ್ತು ಹಡಗಿನ ಅಡುಗೆಮನೆಯಿಂದ ಸ್ವಲ್ಪ ಬಿಡುವು ಸಿಕ್ಕಿತು. ಹಳೇ ಸಾನ್ ಹುವಾನ್ ಒಳಗೆ ಸುಮ್ನೆ ನಡೆದೆ. ಪೋರ್ಟೊ ರಿಕೊ ದ್ವೀಪದ ಊರು, 1521ರದ್ದು. ಬೀದಿಗೆ ಹಾಸಿದ ಕಲ್ಲೆಲ್ಲ ನೀಲಿ. ಕಬ್ಬಿಣದ ಕಿಟ್ಟವನ್ನು ಅಚ್ಚಿಗೆ ಹೊಯ್ದು ಮಾಡಿದ್ದಂತೆ. ಮಳೆ ಬಂದು ನಿಂತಿತ್ತು, ಬಂಗುಡೆಯ ಬೆನ್ನಿನ ಹಾಗೆ ಹೊಳೆಯುತ್ತಿತ್ತು.

1625ರಲ್ಲಿ ಡಚ್ಚರು ಊರು ಸುಟ್ಟ ಮೇಲೆ ಸ್ಪೇನಿನವರು ಸುತ್ತ ಕೋಟೆಗೋಡೆ ಎಬ್ಬಿಸಿದರು. ಗೋಡೆಯುದ್ದಕ್ಕೂ ಒಬ್ಬ ಕಾವಲುಗಾರ ನಿಲ್ಲುವಷ್ಟು ಸಣ್ಣ ಗೂಡುಗಳಿವೆ. ಸಾನ್ ಕ್ರಿಸ್ಟೋಬಲ್ ಕೋಟೆಯ ಬುಡದಲ್ಲಿ, ಸಮುದ್ರದ ಅಂಚಿಗೆ, ಒಂದು ಗೂಡು ಒಂಟಿಯಾಗಿದೆ. ಅದಕ್ಕೆ ಸೈತಾನನ ಗೂಡು ಅಂತಾರೆ. ನಿದ್ದೆ ಹತ್ತದಿರಲಿ ಅಂತ ರಾತ್ರಿ ಕಾವಲಿನವರು ಒಬ್ಬರನ್ನೊಬ್ಬರು ಕೂಗುತ್ತಿದ್ದರಂತೆ. ಒಂದು ರಾತ್ರಿ ಅಲ್ಲಿಂದ ಮರುಕೂಗು ಬರಲಿಲ್ಲ. ಬೆಳಿಗ್ಗೆ ನೋಡಿದರೆ ಬಟ್ಟೆ ಇತ್ತು, ಬಂದೂಕು ಇತ್ತು, ಆಳಿಲ್ಲ. ಸೈತಾನ ಒಯ್ದ ಅಂತ ಕೆಲವರ ಕತೆ, ಪ್ರೀತಿಸಿದವಳ ಜೊತೆ ಹೋದ ಅಂತ ಇನ್ನು ಕೆಲವರದು.

ನನಗೆ ನೆನಪಾದದ್ದು ಪಣಂಬೂರು ಬೀಚು. ಆಗ ನಿನಗೆ ಆರು ವರ್ಷ. ಚರುಮುರಿಗೆ ದುಡ್ಡು ಕೊಟ್ಟು ತಿರುಗಿದರೆ ನೀನಿಲ್ಲ. ಹೆಸರು ಹಿಡಿದು ಕೂಗಿದೆ. ಅಲೆಯ ಸದ್ದು ಮಾತ್ರ. ನೀರಿನ ಕಡೆ ಓಡಿದೆ, ರಸ್ತೆ ಕಡೆ ಓಡಿದೆ, ಮತ್ತೆ ನೀರಿನ ಕಡೆ. ಕಡಲಲ್ಲಿ ಎಷ್ಟೋ ಬಿರುಗಾಳಿ ಕಂಡಿದ್ದೇನೆ, ಹಾಗೆ ಕೈಕಾಲು ನಡುಗಿಲ್ಲ. ನೀನು ಒಂಟೆಯ ಆಚೆ ನಿಂತಿದ್ದೆ. "ಕೂಗಿದ್ದು ಕೇಳಿಸ್ತು ಅಪ್ಪ, ಒಂಟೆ ನೋಡ್ತಿದ್ದೆ" ಅಂದೆ. ನಾನು ಹೊಡೆದೆ. ಅಷ್ಟು ಜನರ ಮುಂದೆ. ಈಗಲೂ ರಾತ್ರಿ ಡ್ಯೂಟಿ ಮುಗಿಸಿ ಮಲಗಿದರೆ ಆ ಮರಳಿನ ಮೇಲೆ ಕೂಗುತ್ತಾ ಓಡುತ್ತಿರುತ್ತೇನೆ. ಕ್ಷಮಿಸು ಮಗಳೇ. ಆವತ್ತೇ ಕೇಳಬೇಕಿತ್ತು.

ಸೀಟು ನೀನೇ ಓದಿ ಗಳಿಸಿದ್ದು. ಇಲ್ಲಿ ಅಡುಗೆಮನೆಯವರಿಗೆಲ್ಲ ಹೇಳಿದ್ದೇನೆ. ಆದರೂ ಕತ್ತಲಾದ ಮೇಲೆ ಒಬ್ಬಳೇ ಆಟೋ ಹತ್ತಬೇಡ. ಬೆಳಗಿನ ತಿಂಡಿ ಬಿಡಬೇಡ. ಯಾರಿಗೂ ಸಾಲ ಕೊಡಬೇಡ. ಎಟಿಎಂ ಪಿನ್ ಗೆಳತಿಗೂ ಹೇಳಬೇಡ. ಸುಸ್ತಾದರೆ ಅಮ್ಮನಿಗೆ ಹೇಳು, ಮುಚ್ಚಿಡಬೇಡ.

ಫೋನ್ ಮಾಡದಿದ್ದರೂ ಪರವಾಗಿಲ್ಲ. ರಾತ್ರಿ ಒಂದು ಮೆಸೇಜ್ ಹಾಕು, "ಇದ್ದೇನೆ" ಅಂತ, ಅಷ್ಟೇ. ನಾನೂ ಹಾಕುತ್ತೇನೆ. ನೆಟ್‌ವರ್ಕ್ ಇಲ್ಲದ ದಿನದ್ದನ್ನು ಮರುದಿನ ಸೇರಿಸಿ ಎರಡು ಹಾಕುತ್ತೇನೆ.

ಟ್ರಂಕಿನ ಬೀಗ ಬಿಗಿ ಇದೆ. ಹೊರಡುವ ಮೊದಲು ಒಂದು ಹನಿ ಎಣ್ಣೆ ಬಿಡು.

ಅಪ್ಪ