ಬಡ್ಡಿ ಏರಿದ ದಿನ ನೀವೆಲ್ಲಿರುತ್ತೀರಿ, ಸಚಿವರೇ?

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರಗಳು.

ಬೆಲೆ ಏರಿಕೆ ತಡೆಯಲು ಕೇಂದ್ರೀಯ ಬ್ಯಾಂಕ್ ಬಡ್ಡಿ ಏರಿಸಿದ ಸಂಜೆ ಟಿವಿಯಲ್ಲಿ ಗವರ್ನರ್ ಮಾತಾಡುತ್ತಾರೆ, ಹಣಕಾಸು ಸಚಿವರು ಮಾತಾಡುತ್ತಾರೆ. ನಿಮ್ಮನ್ನು ಯಾರೂ ಕೇಳುವುದಿಲ್ಲ. ಕೆಲಸ ಕಳೆದುಕೊಂಡವರು ಆಮೇಲೆ ಬಂದು ನಿಲ್ಲುವುದು ಮಾತ್ರ ನಿಮ್ಮ ಇಲಾಖೆಯ ಬಾಗಿಲಲ್ಲಿ.

ಸಾಲ ಮಾಡಿ ಯಂತ್ರ ತಂದ ಒಂದು ಸಣ್ಣ ಕಾರ್ಖಾನೆಯನ್ನೇ ನೋಡಿ. ಬಡ್ಡಿ ಏರಿದರೆ ಕಂತು ಜಾಸ್ತಿ, ಆರ್ಡರ್ ಕಮ್ಮಿ. ಮಾಲೀಕರು ಮೊದಲ ದಿನವೇ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಮೊದಲು ಓವರ್‌ಟೈಮ್ ನಿಲ್ಲುತ್ತದೆ. ಬಿಟ್ಟುಹೋದವರ ಜಾಗ ಖಾಲಿಯೇ ಉಳಿಯುತ್ತದೆ. ನಂತರ ಗುತ್ತಿಗೆಯವರಿಗೆ ‘ಮುಂದಿನ ತಿಂಗಳು ಫೋನ್ ಮಾಡ್ತೀವಿ’ ಅನ್ನುತ್ತಾರೆ. ಆ ಫೋನ್ ಬರುವುದಿಲ್ಲ. ಉಳಿದವರಿಗೆ ಸಂಬಳ ಹೆಚ್ಚಿಸಿ ಎಂದು ಕೇಳುವ ಧೈರ್ಯ ಇರುವುದಿಲ್ಲ. ಬೆಲೆ ತಣ್ಣಗಾಗುವ ದಾರಿಗಳಲ್ಲಿ ಇದೂ ಒಂದು.

ಬೆಲೆಯ ಜೊತೆ ಉದ್ಯೋಗವನ್ನೂ ನೋಡಿಕೊಳ್ಳಿ ಎಂದು ಅಮೆರಿಕದ ಸಂಸತ್ತು ಅಲ್ಲಿನ ಕೇಂದ್ರೀಯ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ಗೆ 1977ರಲ್ಲೇ ಕಾನೂನು ಮಾಡಿ ಹೇಳಿತ್ತು. ಎರಡು ವರ್ಷದ ಮೇಲೆ ಅದರ ಮುಖ್ಯಸ್ಥರಾಗಿ ಪಾಲ್ ವೋಲ್ಕರ್ ಬಂದರು. ಬಡ್ಡಿ ಶೇ 20ರ ಹತ್ತಿರ ಹೋಯಿತು. ಹಣದುಬ್ಬರ ಇಳಿಯಿತು, ನಿಜ. 1982ರ ಕೊನೆಗೆ ನಿರುದ್ಯೋಗ ಶೇ 10.8 ಮುಟ್ಟಿತ್ತು. ನ್ಯೂಜಿಲೆಂಡ್ 2018ರಲ್ಲಿ ಉದ್ಯೋಗದ ಗುರಿಯನ್ನು ತನ್ನ ಕೇಂದ್ರೀಯ ಬ್ಯಾಂಕಿನ ಕಾಯ್ದೆಗೆ ಸೇರಿಸಿ, 2023ರಲ್ಲಿ ತೆಗೆದುಹಾಕಿತು. ಹಾಗಾಗಿ ಬ್ಯಾಂಕಿನ ಕಾಯ್ದೆ ತಿದ್ದಿ ಎಂದು ನಾನು ಕೇಳುತ್ತಿಲ್ಲ. ಬ್ಯಾಂಕ್ ತನ್ನ ಕೆಲಸ ಮಾಡಲಿ, ನಿಮ್ಮ ಕೈಲಿರುವುದನ್ನು ನೀವು ಮಾಡಿ.

ಜರ್ಮನಿಯಲ್ಲಿ ‘ಕುರ್ಜ್‌ಆರ್‌ಬೈಟ್’ ಅಂತ ಒಂದು ಪದ್ಧತಿ ಇದೆ. ಕೆಲಸಗಾರರನ್ನು ತೆಗೆಯುವ ಬದಲು ಗಂಟೆ ಕಡಿಮೆ ಮಾಡುತ್ತಾರೆ, ಕಳೆದುಹೋದ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರದ ಉದ್ಯೋಗ ಸಂಸ್ಥೆ ತುಂಬಿಕೊಡುತ್ತದೆ. 2009ರಲ್ಲಿ ಅಲ್ಲಿನ ಆರ್ಥಿಕತೆ ಶೇ 5ಕ್ಕೂ ಜಾಸ್ತಿ ಕುಗ್ಗಿತು, ಆದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ. ಇಂಥ ಯೋಜನೆ ಹೆಚ್ಚಾಗಿ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೇ ಸಿಗುತ್ತದೆ. ಆ ಫೋನ್‌ಗೆ ಕಾಯುತ್ತಿರುವ ಗುತ್ತಿಗೆಯವರನ್ನೂ ಸೇರಿಸುವ ಹಾಗೆ ಮಾಡಿ, ಅದೂ ಬಡ್ಡಿ ಏರುವ ಮೊದಲೇ.

ಇನ್ನೊಂದು ಮಾತು. ಕಾರ್ಖಾನೆಗೆ ಬೇಕಾದ ಕೆಲಸ ಬಲ್ಲವರು ಸಿಗದಿದ್ದರೆ ಖರ್ಚು ಏರುತ್ತದೆ, ಬೆಲೆಯೂ ಏರುತ್ತದೆ, ಬ್ಯಾಂಕ್ ಮತ್ತೆ ಬಡ್ಡಿ ಏರಿಸುತ್ತದೆ. ನಿಮ್ಮ ತರಬೇತಿ ಕೇಂದ್ರಗಳು ಚೆನ್ನಾಗಿ ನಡೆದರೆ ಗವರ್ನರ್ ಕೆಲಸವೂ ಸ್ವಲ್ಪ ಹಗುರ, ಅಲ್ವಾ? ಸುಮ್ನೆ ಒಂದು ಸಲ ಅವರನ್ನು ಕರೆದು ಕೂತು ಮಾತಾಡಿ. ಎಲ್ಲಿ ಕೆಲಸ ಖಾಲಿ ಇದೆ, ಎಲ್ಲಿ ಗುತ್ತಿಗೆ ಮುಗಿಯುತ್ತಿದೆ ಎಂಬ ಲೆಕ್ಕವನ್ನು ಪ್ರತಿ ಬಡ್ಡಿ ಸಭೆಗೂ ಮೊದಲು ಅವರ ಮೇಜಿಗೆ ಕಳಿಸಿ.

ಇಂತಿ,
ತಿಂಗಳ ಸಂಬಳದಲ್ಲಿ ಬದುಕುವ ಒಬ್ಬ ಮತದಾರ